ಕಾಯಿದೆಗಿಂತ ಮುಂದೆ ನಡೆದ ಯಜಮಾನ

ಬೆಂಗಳೂರಿನಲ್ಲಿ ಬೆಳೆದ ನಮ್ಮಲ್ಲಿ ಹಲವರಿಗೆ ‘ಟಾಟಾ ಇನ್‌ಸ್ಟಿಟ್ಯೂಟ್’ ಎಂದರೆ ಭಾರತೀಯ ವಿಜ್ಞಾನ ಸಂಸ್ಥೆ. ಅದರ ಕನಸು ಕಂಡ ಜಮ್‌ಷೆಡ್‌ಜಿ ಟಾಟಾ ಅವರನ್ನು ನಾವು ದಾನಿಯೆಂದು ನೆನೆಯುತ್ತೇವೆ. ಅವರು ಎಂಥ ಯಜಮಾನರಾಗಿದ್ದರು ಎಂಬುದನ್ನೂ ನೆನೆಯಬೇಕು.

1839ರಲ್ಲಿ ಇಂದಿನ ಗುಜರಾತಿನ ನವಸಾರಿಯಲ್ಲಿ, ಪಾರ್ಸಿ ಪುರೋಹಿತರ ಮನೆತನದಲ್ಲಿ ಹುಟ್ಟಿದ ಅವರು 1877ರಲ್ಲಿ ನಾಗಪುರದಲ್ಲಿ ಎಂಪ್ರೆಸ್ ಬಟ್ಟೆ ಗಿರಣಿ ಆರಂಭಿಸಿದರು. ಅಲ್ಲಿ ಕೆಲಸಗಾರರು ಆಗಾಗ ಕೆಲಸ ತಪ್ಪಿಸುತ್ತಿದ್ದರು. ದಂಡ ಹಾಕಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಅವರು ಮಾಡಿದ್ದೇ ಬೇರೆ. ಗಿರಣಿಯೊಳಗೆ ಗಾಳಿ, ತೇವ ಹದವಾಗಿರುವಂತೆ ಯಂತ್ರಗಳನ್ನು ಹಾಕಿಸಿದರು. ಬೆಂಕಿ ಬಿದ್ದರೆ ತಾನಾಗಿ ನೀರು ಚಿಮ್ಮುವ ವ್ಯವಸ್ಥೆ ತಂದರು. 1886ರಲ್ಲಿ ಪಿಂಚಣಿ ನಿಧಿ, 1895ರಲ್ಲಿ ಅಪಘಾತ ಪರಿಹಾರ ಜಾರಿಗೆ ಬಂದವು. ಗಾಯಗೊಂಡ ಕಾರ್ಮಿಕರಿಗೆ ಪರಿಹಾರ ಕೊಡಲೇಬೇಕೆಂಬ ಕಾಯಿದೆ ಭಾರತದಲ್ಲಿ ಆದದ್ದು 1923ರಲ್ಲಿ! ಇಷ್ಟೆಲ್ಲ ಖರ್ಚು ಮಾಡಿಯೂ ಗಿರಣಿ ಬಡವಾಗಲಿಲ್ಲ, ಒಳ್ಳೆಯ ಲಾಭವನ್ನೇ ತಂದಿತು.

ಜಮ್‌ಷೆಡ್‌ಜಿ 1904ರಲ್ಲಿ ಜರ್ಮನಿಯಲ್ಲಿ ತೀರಿಕೊಂಡರು. ಮೈಸೂರು ಸಂಸ್ಥಾನ ಕೊಟ್ಟ 371 ಎಕರೆ ಜಾಗದಲ್ಲಿ ವಿಜ್ಞಾನ ಸಂಸ್ಥೆ ಪಾಠ ಶುರುಮಾಡಿದ್ದು 1911ರಲ್ಲಿ. ಅದನ್ನು ನೋಡುವ ಭಾಗ್ಯ ಅವರಿಗಿರಲಿಲ್ಲ.

ಪರದೇಶದಲ್ಲಿ ದುಡಿಯುವ ನಾವು ಕೆಲಸಕ್ಕೆ ಸೇರುವಾಗ ವಿಮೆ, ನಿವೃತ್ತಿ ನಿಧಿಯ ವಿಚಾರವನ್ನು ಮೊದಲೇ ಕೇಳುತ್ತೇವೆ. ಆದರೆ ನಮ್ಮಲ್ಲಿ ಕೆಲವರು ಈಗ ನಾಲ್ಕು ಜನರಿಗೆ ಕೆಲಸ ಕೊಟ್ಟವರೂ ಹೌದು. ಅಂಗಡಿಯ ಹುಡುಗನಿಗೆ, ಮಗು ನೋಡಿಕೊಳ್ಳಲು ಬರುವಾಕೆಗೆ ಕಾಯಿದೆ ಹೇಳಿದಷ್ಟನ್ನೇ ಕೊಟ್ಟು ಕೈತೊಳೆದುಕೊಳ್ಳುತ್ತಿದ್ದೇವೆಯೇ? ನಮ್ಮನ್ನು ನಾವೇ ಒಮ್ಮೆ ಕೇಳಿಕೊಳ್ಳೋಣ.