ಡಾ. ವಾಲ್ಡೆಮಾರ್ ಹಾಫ್ಕಿನ್: ಜೀವನ ಮತ್ತು ಸೇವೆ

ಪುತ್ತೂರು ತಾಲ್ಲೂಕಿನ ಕೆದಂಬಾಡಿಯಾಗಲಿ, ರಾಜ್ಯದ ಬೇರಾವುದೇ ಗ್ರಾಮವಾಗಲಿ, ಇಂದು ಮಗುವಿಗೆ ಲಸಿಕೆ ಹಾಕಿಸುವುದು ತಾಯಿ ಕಾರ್ಡು ಹಿಡಿದು ಆಸ್ಪತ್ರೆಗೆ ಹೋಗಿ ಬರುವಷ್ಟು ಸುಲಭವಾಗಿರುತ್ತದೆ. ಆ ಲಸಿಕೆಯು ಮಗುವಿನ ತೋಳಿಗೆ ಬರುವ ಮೊದಲು ಪ್ರಯೋಗಶಾಲೆಯ ಪ್ರಾಣಿಗಳ ಮೇಲೆ, ನಂತರ ಸ್ವಇಚ್ಛೆಯಿಂದ ಮುಂದೆ ಬಂದ ಮನುಷ್ಯರ ಮೇಲೆ ಪರೀಕ್ಷೆಗೆ ಒಳಪಟ್ಟಿರುತ್ತದೆ. ನಮ್ಮ ದೇಶದಲ್ಲಿ ಈ ಕ್ರಮಕ್ಕೆ ತಳಹದಿ ಹಾಕಿದವರಲ್ಲಿ ಡಾ. ವಾಲ್ಡೆಮಾರ್ ಹಾಫ್ಕಿನ್ ಅವರು ಪ್ರಮುಖರು. ಸಾರ್ವಜನಿಕರ ಮಾಹಿತಿಗಾಗಿ ಅವರ ಜೀವನದ ಸಂಕ್ಷಿಪ್ತ ಪರಿಚಯವನ್ನು ಇಲ್ಲಿ ನೀಡಲಾಗಿದೆ.

ಜನನ ಮತ್ತು ವಿದ್ಯಾಭ್ಯಾಸ

ಹಾಫ್ಕಿನ್ ಅವರು 1860ರ ಮಾರ್ಚ್ 15ರಂದು ಅಂದಿನ ರಷ್ಯಾ ಸಾಮ್ರಾಜ್ಯದ ಒಡೆಸ್ಸಾ ನಗರದಲ್ಲಿ ಯಹೂದಿ ಕುಟುಂಬವೊಂದರಲ್ಲಿ ಜನಿಸಿದರು. ಅಲ್ಲಿನ ವಿಶ್ವವಿದ್ಯಾನಿಲಯದಲ್ಲಿ ಖ್ಯಾತ ಜೀವವಿಜ್ಞಾನಿ ಮೆಚ್ನಿಕಾಫ್ ಅವರ ಶಿಷ್ಯರಾಗಿ ಪ್ರಾಣಿಶಾಸ್ತ್ರವನ್ನು ಅಭ್ಯಸಿಸಿದರು. ಯಹೂದಿ ಧರ್ಮವನ್ನು ತೊರೆಯಲು ಒಪ್ಪದ ಕಾರಣ ಸ್ವದೇಶದಲ್ಲಿ ಅವರಿಗೆ ಅಧ್ಯಾಪಕ ಹುದ್ದೆಯ ಬಾಗಿಲು ಮುಚ್ಚಿತು. 1888ರಲ್ಲಿ ಜಿನೀವಾಕ್ಕೆ ತೆರಳಿದ ಅವರು, ಮರುವರ್ಷ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯನ್ನು ಸೇರಿದರು. ಆರಂಭದಲ್ಲಿ ಅವರಿಗೆ ದೊರೆತದ್ದು ಗ್ರಂಥಾಲಯದ ಕೆಲಸ ಮಾತ್ರ. ಬಿಡುವಿನ ವೇಳೆಯಲ್ಲಿ ಅವರು ಪ್ರಯೋಗಶಾಲೆಯಲ್ಲಿ ದುಡಿಯುತ್ತಿದ್ದರು.

ಕಾಲರಾ ಲಸಿಕೆ

ಆ ಕಾಲದಲ್ಲಿ ಕಾಲರಾ ರೋಗವು ಯುರೋಪ್ ಮತ್ತು ಏಷ್ಯಾ ಖಂಡಗಳೆರಡರಲ್ಲೂ ಜನರನ್ನು ಬಲಿ ತೆಗೆದುಕೊಳ್ಳುತ್ತಿತ್ತು. ಹಾಫ್ಕಿನ್ ಅವರು ಕಾಲರಾ ರೋಗಾಣುವನ್ನು ಒಂದು ಗಿನಿಹಂದಿಯಿಂದ ಮತ್ತೊಂದಕ್ಕೆ ಅನೇಕ ಬಾರಿ ದಾಟಿಸಿ ಅದರ ತೀವ್ರತೆಯನ್ನು ನಿಗದಿತ ಮಟ್ಟಕ್ಕೆ ತಂದರು. ಅದರಿಂದ ಸಿದ್ಧಪಡಿಸಿದ ಲಸಿಕೆಯನ್ನು ಗಿನಿಹಂದಿ, ಮೊಲ ಮತ್ತು ಪಾರಿವಾಳಗಳ ಮೇಲೆ ಪರೀಕ್ಷಿಸಿದರು. ಲಸಿಕೆ ಪಡೆದ ಪ್ರಾಣಿಗಳು ರೋಗವನ್ನು ತಡೆದುಕೊಂಡವು. ಆದರೆ ಪ್ರಾಣಿಯಲ್ಲಿ ಕಂಡ ಫಲವು ಮನುಷ್ಯನಲ್ಲಿಯೂ ಕಂಡೀತೆಂಬ ಭರವಸೆ ಇರಲಿಲ್ಲ. ಆದುದರಿಂದ 1892ರ ಜುಲೈ 18ರಂದು ಅವರು ಲಸಿಕೆಯನ್ನು ಮೊದಲು ತಮ್ಮ ದೇಹಕ್ಕೇ ಚುಚ್ಚಿಕೊಂಡರು. ಜ್ವರ ಬಂದು ಇಳಿಯಿತು. ನಂತರವೇ ಇತರರಿಗೆ ನೀಡಲು ಮುಂದಾದರು.

1893ರಲ್ಲಿ ಭಾರತಕ್ಕೆ ಬಂದ ಹಾಫ್ಕಿನ್ ಅವರು ಉತ್ತರ ಭಾರತ ಹಾಗೂ ಬಂಗಾಳದಲ್ಲಿ ಸಂಚರಿಸಿ ಸಹಸ್ರಾರು ಜನರಿಗೆ ಕಾಲರಾ ಲಸಿಕೆ ನೀಡಿದರು. ಒಪ್ಪಿ ಬಂದವರಿಗೆ ಮಾತ್ರ ಲಸಿಕೆ ಹಾಕುವುದು ಅವರ ನಿಯಮವಾಗಿತ್ತು. ಒಂದೇ ಬಡಾವಣೆಯಲ್ಲಿ ಲಸಿಕೆ ಪಡೆದವರನ್ನೂ ಪಡೆಯದವರನ್ನೂ ಹೋಲಿಸಿ ಲೆಕ್ಕವಿಡುವ ಪದ್ಧತಿಯನ್ನು ಅವರು ಅನುಸರಿಸಿದರು.

ಪ್ಲೇಗ್ ಲಸಿಕೆ

1896ರಲ್ಲಿ ಮುಂಬಯಿಯಲ್ಲಿ ಪ್ಲೇಗ್ ಮಹಾಮಾರಿ ಕಾಣಿಸಿಕೊಂಡಿತು. ಸರ್ಕಾರದ ಕೋರಿಕೆಯಂತೆ ಹಾಫ್ಕಿನ್ ಅವರು ಅಲ್ಲಿಗೆ ಧಾವಿಸಿದರು. ಗ್ರ್ಯಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಅವರಿಗೆ ದೊರೆತದ್ದು ಇಕ್ಕಟ್ಟಾದ ಸ್ಥಳ, ಒಬ್ಬ ಗುಮಾಸ್ತ ಮತ್ತು ಮೂವರು ಜವಾನರು. ಪ್ಲೇಗ್ ರೋಗಾಣುವನ್ನು ಮಾಂಸದ ಸಾರಿನಲ್ಲಿ ಬೆಳೆಸಬೇಕಾಗಿತ್ತು. ಜನರ ಧಾರ್ಮಿಕ ಭಾವನೆಗಳಿಗೆ ಧಕ್ಕೆಯಾಗದಂತೆ ದನದ ಮಾಂಸವನ್ನು ಕೈಬಿಟ್ಟು ಆಡಿನ ಮಾಂಸದ ಸಾರನ್ನು ಬಳಸಲಾಯಿತು. ಸಾರಿನ ಮೇಲೆ ತೇಲಬಿಟ್ಟ ತುಪ್ಪದ ಹನಿಗಳ ಅಡಿಯಲ್ಲಿ ರೋಗಾಣುಗಳು ಬಿಳಲುಗಳಂತೆ ಇಳಿದು ಬೆಳೆಯುತ್ತಿದ್ದವು. ಅವುಗಳನ್ನು ಕಾಯಿಸಿ ಸಾಯಿಸಿ ಲಸಿಕೆಯನ್ನು ತಯಾರಿಸಲಾಗುತ್ತಿತ್ತು.

ಡಿಸೆಂಬರ್ ವೇಳೆಗೆ ಮೊಲಗಳ ಮೇಲಿನ ಪರೀಕ್ಷೆ ಯಶಸ್ವಿಯಾಯಿತು. 1897ರ ಜನವರಿ 10ರಂದು ಹಾಫ್ಕಿನ್ ಅವರು ಮುಂದೆ ಸಾರ್ವಜನಿಕರಿಗೆ ನೀಡಿದ ಪ್ರಮಾಣಕ್ಕಿಂತ ಹೆಚ್ಚಿನ ಲಸಿಕೆಯನ್ನು ತಾವೇ ತೆಗೆದುಕೊಂಡರು. ಅದೇ ತಿಂಗಳು ಮುಂಬಯಿಯ ಭಾಯಖಳಾ ಸೆರೆಮನೆಯಲ್ಲಿ ಪ್ಲೇಗ್ ತಲೆದೋರಿದಾಗ, ಮುಂದೆ ಬಂದ ಕೈದಿಗಳಿಗೆ ಲಸಿಕೆ ನೀಡಲಾಯಿತು. ಪಡೆಯದವರಿಗೆ ಹೋಲಿಸಿದರೆ ಪಡೆದವರಲ್ಲಿ ರೋಗವೂ ಸಾವೂ ಕಡಿಮೆಯಾಗಿದ್ದವು. ಸೆರೆಯಲ್ಲಿರುವವನ ಒಪ್ಪಿಗೆ ಎಷ್ಟರಮಟ್ಟಿಗೆ ಸ್ವತಂತ್ರವಾದುದು ಎಂಬ ಪ್ರಶ್ನೆಯನ್ನು ಇಂದಿನ ವೈದ್ಯಕೀಯ ನೀತಿಯು ಗಂಭೀರವಾಗಿ ಪರಿಗಣಿಸುತ್ತದೆ.

ಕನ್ನಡ ನಾಡಿನಲ್ಲಿ ಲಸಿಕೆ

ಅಂದು ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಧಾರವಾಡ ಜಿಲ್ಲೆಗೆ ಪ್ಲೇಗ್ ಹಬ್ಬಿದಾಗ, 1898ರಲ್ಲಿ ಹುಬ್ಬಳ್ಳಿಯಲ್ಲಿ ಹಾಫ್ಕಿನ್ ಅವರ ಲಸಿಕೆಯನ್ನು ಬೃಹತ್ ಪ್ರಮಾಣದಲ್ಲಿ ಬಳಸಲಾಯಿತು. ವೈದ್ಯಾಧಿಕಾರಿ ಲ್ಯೂಮನ್ ಅವರ ಮೇಲ್ವಿಚಾರಣೆಯಲ್ಲಿ ಕೆಲವೇ ತಿಂಗಳುಗಳಲ್ಲಿ 30,000ಕ್ಕೂ ಹೆಚ್ಚು ಜನರಿಗೆ ಲಸಿಕೆ ನೀಡಲಾಯಿತು. ಅದೇ ವರ್ಷದ ಆಗಸ್ಟ್ ತಿಂಗಳಲ್ಲಿ ರೋಗವು ರೈಲು ಮಾರ್ಗವಾಗಿ ಬೆಂಗಳೂರನ್ನೂ ಮುಟ್ಟಿತು. ಜನರು ಮನೆ ತೊರೆದು ಊರ ಹೊರಗೆ ಗುಡಿಸಲು ಹಾಕಿಕೊಂಡರು. ಪ್ಲೇಗಮ್ಮನ ಗುಡಿಗಳು ಎದ್ದವು. ಮಲ್ಲೇಶ್ವರ ಮತ್ತು ಬಸವನಗುಡಿ ಬಡಾವಣೆಗಳು ಬೆಳೆದದ್ದೂ ಈ ಸಂದರ್ಭದಲ್ಲಿಯೇ. ಲಸಿಕೆಯ ಬಗ್ಗೆ ಭಯ ಮತ್ತು ವದಂತಿಗಳು ಎಲ್ಲೆಡೆ ಇದ್ದವು. ಮುಂಬಯಿಯಲ್ಲಿ ಆಗಾ ಖಾನ್ ಅವರು ಸ್ವತಃ ಬಹಿರಂಗವಾಗಿ ಲಸಿಕೆ ಪಡೆದು ಜನರ ಭಯವನ್ನು ನಿವಾರಿಸಲು ಸಹಕರಿಸಿದರು.

1899ರಲ್ಲಿ ಹಾಫ್ಕಿನ್ ಅವರ ಪ್ರಯೋಗಶಾಲೆಯು ಮುಂಬಯಿಯ ಪರೇಲ್‌ನಲ್ಲಿದ್ದ ಹಳೆಯ ಸರ್ಕಾರಿ ಭವನಕ್ಕೆ ಸ್ಥಳಾಂತರಗೊಂಡಿತು.

ಮಲ್ಕೋವಾಲ್ ದುರಂತ

1902ರ ಅಕ್ಟೋಬರ್ 30ರಂದು ಪಂಜಾಬಿನ ಮಲ್ಕೋವಾಲ್ ಗ್ರಾಮದಲ್ಲಿ 107 ಜನರಿಗೆ ಪ್ಲೇಗ್ ಲಸಿಕೆ ನೀಡಲಾಯಿತು. ಇವರಲ್ಲಿ ಒಂದೇ ಸೀಸೆಯಿಂದ ಲಸಿಕೆ ಪಡೆದ 19 ಮಂದಿ ಧನುರ್ವಾಯುವಿಗೆ ತುತ್ತಾಗಿ ಮೃತಪಟ್ಟರು. ವಿಚಾರಣಾ ಆಯೋಗವು ಪ್ರಯೋಗಶಾಲೆಯಲ್ಲಿಯೇ ತಪ್ಪು ನಡೆದಿದೆ ಎಂದು ತೀರ್ಮಾನಿಸಿತು. ಹಾಫ್ಕಿನ್ ಅವರನ್ನು ಹುದ್ದೆಯಿಂದ ದೂರವಿಡಲಾಯಿತು. ಆದರೆ ಗ್ರಾಮದಲ್ಲಿ ಸೀಸೆಯನ್ನು ತೆರೆಯುವಾಗ ನೆಲಕ್ಕೆ ಬಿದ್ದ ಚಿಮಟವನ್ನು ಸರಿಯಾಗಿ ಶುದ್ಧಗೊಳಿಸದೆ ಬಳಸಲಾಗಿತ್ತು ಎಂಬ ಸಂಗತಿಯು ದಾಖಲೆಗಳಲ್ಲಿತ್ತು. ಮಲೇರಿಯಾ ಸಂಶೋಧಕ ರೊನಾಲ್ಡ್ ರಾಸ್ ಸೇರಿದಂತೆ ಹತ್ತು ಮಂದಿ ವಿಜ್ಞಾನಿಗಳು 1907ರಲ್ಲಿ ಬಹಿರಂಗವಾಗಿ ಅವರ ಪರವಾಗಿ ನಿಂತರು. ಅದೇ ವರ್ಷ ಹಾಫ್ಕಿನ್ ಅವರು ಆರೋಪದಿಂದ ಮುಕ್ತರಾಗಿ ಕಲ್ಕತ್ತಾದಲ್ಲಿ ಸೇವೆಗೆ ಮರಳಿದರು.

ಲಸಿಕೆಯ ಇತಿಹಾಸದಲ್ಲಿ ಈ ಘಟನೆಯು ಮಹತ್ವದ ಪಾಠವಾಗಿರುತ್ತದೆ. ಮೊಲದ ಮೇಲೆ ನಡೆಸಿದ ಪರೀಕ್ಷೆಯು ಲಸಿಕೆಯ ಗುಣವನ್ನು ತಿಳಿಸಬಲ್ಲದೇ ಹೊರತು, ಪ್ರಯೋಗಶಾಲೆಯಿಂದ ಗ್ರಾಮದವರೆಗಿನ ದಾರಿಯಲ್ಲಿ ಮನುಷ್ಯನ ಕೈ ಶುದ್ಧವಾಗಿರುವುದೆಂದು ಖಾತರಿ ನೀಡಲಾರದು. ಪ್ರಾಣಿಯ ಪ್ರಾಣವನ್ನು ಬಳಸಿ ಪಡೆದ ಜ್ಞಾನವನ್ನು ಅಜಾಗರೂಕತೆಯಿಂದ ವ್ಯರ್ಥಗೊಳಿಸದಿರುವುದು ವೈದ್ಯಕೀಯ ಸೇವೆಯಲ್ಲಿರುವ ಪ್ರತಿಯೊಬ್ಬರ ಹೊಣೆಯಾಗಿರುತ್ತದೆ.

ಕೊನೆಯ ದಿನಗಳು

ಹಾಫ್ಕಿನ್ ಅವರು ನಿವೃತ್ತಿಯ ನಂತರ ಯುರೋಪಿಗೆ ಮರಳಿದರು. 1925ರಲ್ಲಿ ಪರೇಲ್‌ನ ಪ್ರಯೋಗಶಾಲೆಗೆ ಹಾಫ್ಕಿನ್ ಸಂಸ್ಥೆ ಎಂದು ಹೆಸರಿಡಲಾಯಿತು. 1930ರ ಅಕ್ಟೋಬರ್ 26ರಂದು ಅವರು ಸ್ವಿಟ್ಜರ್ಲೆಂಡಿನ ಲೋಸಾನ್ ನಗರದಲ್ಲಿ ನಿಧನರಾದರು. 1964ರಲ್ಲಿ ಭಾರತ ಸರ್ಕಾರವು ಅವರ ಸ್ಮರಣಾರ್ಥ ಅಂಚೆ ಚೀಟಿಯನ್ನು ಹೊರತಂದಿತು.

ಪ್ರಾಣಿ ಪ್ರಯೋಗ: ಇಂದಿನ ಕಾನೂನು

ಹಾಫ್ಕಿನ್ ಅವರ ಕಾಲದಲ್ಲಿ ಪ್ರಯೋಗಕ್ಕೆ ಬಳಸುವ ಪ್ರಾಣಿಯ ನೋವನ್ನು ವಿಚಾರಿಸುವ ಪ್ರತ್ಯೇಕ ಕಾನೂನು ನಮ್ಮ ದೇಶದಲ್ಲಿ ಇರಲಿಲ್ಲ. 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಅಧಿನಿಯಮವು ರೋಗನಿವಾರಣೆ ಮತ್ತು ಜೀವರಕ್ಷಣೆಗಾಗಿ ನಡೆಸುವ ಪ್ರಯೋಗಗಳಿಗೆ ಅವಕಾಶ ನೀಡಿ, ಅವುಗಳ ಮೇಲ್ವಿಚಾರಣೆಗೆ ಸಮಿತಿಯನ್ನು ರಚಿಸಲು ಅಧಿಕಾರ ಕಲ್ಪಿಸಿತು. ಶಸ್ತ್ರಕ್ರಿಯೆಯಂತಹ ಪ್ರಯೋಗಗಳಲ್ಲಿ ಅರಿವಳಿಕೆ ನೀಡಬೇಕು, ಸಣ್ಣ ಪ್ರಾಣಿ ಸಾಕಾಗುವಲ್ಲಿ ದೊಡ್ಡ ಪ್ರಾಣಿಯನ್ನು ಬಳಸಬಾರದು, ಪುಸ್ತಕ, ಮಾದರಿ ಅಥವಾ ಚಲನಚಿತ್ರಗಳಿಂದ ಕಲಿಸಲು ಸಾಧ್ಯವಾಗುವಲ್ಲಿ ಪ್ರಯೋಗವನ್ನು ಆದಷ್ಟು ಕೈಬಿಡಬೇಕು ಎಂಬುದು ಇದರ ಆಶಯವಾಗಿರುತ್ತದೆ. 1998ರ ನಿಯಮಗಳು ಪ್ರಾಣಿಗಳ ಸಾಕಣೆ ಮತ್ತು ಪ್ರಯೋಗಕ್ಕೆ ನೋಂದಣಿ ಹಾಗೂ ಅನುಮತಿಯನ್ನು ಕಡ್ಡಾಯಗೊಳಿಸಿದವು. 2014ರಲ್ಲಿ ಸೌಂದರ್ಯವರ್ಧಕಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದನ್ನು ನಿಷೇಧಿಸಲಾಯಿತು. 2023ರಲ್ಲಿ ಹೊಸ ಔಷಧಿಗಳ ಪರೀಕ್ಷೆಗೆ ಪ್ರಾಣಿರಹಿತ ವಿಧಾನಗಳನ್ನೂ ಮಾನ್ಯ ಮಾಡಲಾಯಿತು.

ಈ ಬದಲಾವಣೆಯು ಜನಸಾಮಾನ್ಯರ ಅನುಭವಕ್ಕೂ ಬಂದಿರುತ್ತದೆ. ಹಿಂದೆ ನಾಯಿ ಕಚ್ಚಿದವರಿಗೆ ಕುರಿಯ ಮಿದುಳಿನಿಂದ ತಯಾರಿಸಿದ ಲಸಿಕೆಯನ್ನು ಹೊಟ್ಟೆಗೆ ಹಲವು ದಿನ ಸತತವಾಗಿ ಚುಚ್ಚಲಾಗುತ್ತಿತ್ತು. 2004ರ ಅಂತ್ಯದ ವೇಳೆಗೆ ಅದರ ಬಳಕೆ ನಿಂತಿತು. ಈಗ ಪ್ರಯೋಗಶಾಲೆಯಲ್ಲಿ ಬೆಳೆಸಿದ ಜೀವಕೋಶಗಳಿಂದ ತಯಾರಾದ, ಕಡಿಮೆ ಸಂಖ್ಯೆಯ ಹಾಗೂ ಹೆಚ್ಚು ಸುರಕ್ಷಿತವಾದ ಚುಚ್ಚುಮದ್ದುಗಳು ಲಭ್ಯವಿವೆ.

ಸಾರ್ವಜನಿಕರು ಲಸಿಕೆ ಪಡೆಯುವಾಗ ಅದರ ಬಗ್ಗೆ ಪ್ರಶ್ನೆ ಕೇಳಲು ಹಿಂಜರಿಯಬೇಕಾಗಿಲ್ಲ. ಸಂದೇಹವಿದ್ದಲ್ಲಿ ಸಮೀಪದ ಸರ್ಕಾರಿ ಆಸ್ಪತ್ರೆಯ ವೈದ್ಯಾಧಿಕಾರಿಗಳನ್ನು ಸಂಪರ್ಕಿಸಿ, ಲಸಿಕೆಯನ್ನು ನಿಗದಿತ ದಿನಾಂಕದಂದು ಪಡೆದುಕೊಳ್ಳಲು ಕೋರಲಾಗಿದೆ.