ರವೀಂದ್ರರ ಎರಡು ಕಡಲುಗಳು

ಕಾಫಿಯ ಕುಯ್ಲು ಮುಗಿದು, ಹೂಮಳೆ ಬಿದ್ದು, ತೋಟಗಳೆಲ್ಲ ಬೆಳ್ಳಗೆ ಅರಳಿ ನಿಂತ ಮೇಲೆ ನಮ್ಮ ಹಾನುಬಾಳಿನ ಮನೆಗಳಲ್ಲಿ ರಜೆಯ ಮಾತು ಏಳುತ್ತದೆ. ಹಿಂದೆ ಆ ಮಾತು ಘಟ್ಟವಿಳಿದು ಸುಬ್ರಹ್ಮಣ್ಯ, ಧರ್ಮಸ್ಥಳಗಳಲ್ಲಿ ನಿಲ್ಲುತ್ತಿತ್ತು. ಈಗ ಅಂಡಮಾನ್, ಲಕ್ಷದ್ವೀಪ, ಬಾಲಿಗಳವರೆಗೂ ಹೋಗುತ್ತದೆ. ದಿನಕ್ಕೆ ನಾಲ್ಕು ತಾಣಗಳಂತೆ ಪಟ್ಟಿಯೂ ಸಿದ್ಧವಾಗುತ್ತದೆ. ಅಂಥ ಪಟ್ಟಿಯನ್ನು ಕಂಡಾಗಲೆಲ್ಲ ನನಗೆ ರವೀಂದ್ರನಾಥ ಠಾಕೂರರ ಬಾಳಿನ ಎರಡು ಕಡಲತೀರಗಳು ನೆನಪಾಗುತ್ತವೆ. ಒಂದು ನಮ್ಮ ಕಾರವಾರದ್ದು, ಇನ್ನೊಂದು ಬಾಲಿದ್ವೀಪದ್ದು. ನಡುವಣ ಅಂತರ ನಲವತ್ತನಾಲ್ಕು ವರ್ಷ. ಮೊದಲನೆಯ ಕಡಲನ್ನು ಕಂಡಾಗ ಅವರಲ್ಲಿ ಬಿಡುವಿತ್ತು, ಕೀರ್ತಿಯಿರಲಿಲ್ಲ. ಎರಡನೆಯದನ್ನು ಕಂಡಾಗ ಕೀರ್ತಿಯಿತ್ತು, ಬಿಡುವಿರಲಿಲ್ಲ.

ರವೀಂದ್ರರು ಹುಟ್ಟಿದ್ದು 1861ರ ಮೇ 7ರಂದು, ಕಲ್ಕತ್ತೆಯ ಜೋಡಾಸಾಂಕೊ ಮನೆಯಲ್ಲಿ. ತಂದೆ ಮಹರ್ಷಿ ದೇವೇಂದ್ರನಾಥರು. ದೊಡ್ಡ ಮನೆತನದ ಈ ಕಿರಿಯ ಮಗುವಿನ ಬಾಲ್ಯ ಆಳುಗಳ ಕಾವಲಿನಲ್ಲಿ ಕಳೆಯಿತು. ಕಿಟಕಿಯಿಂದ ಕಾಣುತ್ತಿದ್ದ ಒಂದು ಕೊಳ, ಒಂದು ಆಲದ ಮರ, ಇವೇ ಅವನ ಹೊರಲೋಕ. ಶಾಲೆ ಒಗ್ಗಲಿಲ್ಲ. 1878ರಲ್ಲಿ ಓದಿಗೆಂದು ಇಂಗ್ಲೆಂಡಿಗೆ ಹೋದ ತರುಣ, ಪದವಿಯಿಲ್ಲದೆಯೇ 1880ರಲ್ಲಿ ಹಿಂತಿರುಗಿದ.

ಅಣ್ಣ ಸತ್ಯೇಂದ್ರನಾಥರು ಐ.ಸಿ.ಎಸ್. ಪರೀಕ್ಷೆಯಲ್ಲಿ ತೇರ್ಗಡೆ ಹೊಂದಿದ ಮೊದಲ ಭಾರತೀಯರು. 1883ರಲ್ಲಿ ಅವರು, ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದರು. ಇಪ್ಪತ್ತೆರಡರ ರವೀಂದ್ರರು ಅಲ್ಲಿಗೆ ಬಂದರು. ಬೆಟ್ಟಗಳು ಸುತ್ತುವರಿದ ಬಂದರು, ಅರ್ಧಚಂದ್ರದಂತೆ ಬಾಗಿದ ಮರಳ ದಂಡೆ, ಅದರ ಅಂಚಿಗೆ ಗಾಳಿಮರಗಳ ತೋಪು, ಕಡಲಿನಲ್ಲಿ ಕೂರ್ಮಗಡ, ದೇವಗಡ ಮೊದಲಾದ ನಡುಗಡ್ಡೆಗಳು. ಅಲ್ಲಿ ಅವರಿಗೆ ಯಾವ ಕೆಲಸವೂ ಇರಲಿಲ್ಲ. ಒಂದು ಸಂಜೆ ಸಣ್ಣ ಹಾಯಿದೋಣಿಯಲ್ಲಿ ಕಾಳೀನದಿಯ ಮೇಲಕ್ಕೆ ಸಾಗಿ, ಶಿವಾಜಿಯ ಕಾಲದ ಹಳೆಯ ಬೆಟ್ಟದ ಕೋಟೆಯೊಂದನ್ನು ನೋಡಿದರು. ಸಾರಿಸಿ ಅಚ್ಚುಕಟ್ಟಾಗಿಟ್ಟಿದ್ದ ರೈತನೊಬ್ಬನ ಅಂಗಳದಲ್ಲಿ ಕುಳಿತು ಉಂಡರು. ಹೊಳೆಯ ಇಳಿವಿನೊಡನೆ ದೋಣಿಯನ್ನು ತೇಲಬಿಟ್ಟು ಅಳಿವೆಯವರೆಗೆ ಬಂದರು. ಅಲ್ಲಿಂದ ಬೆಳದಿಂಗಳಿನ ಮರಳಿನ ಮೇಲೆ ನಡೆದೇ ಮನೆ ಸೇರಿದರು. ಮಲಗುವ ಮುನ್ನ ಆ ರಾತ್ರಿಯೇ ಒಂದು ಕವಿತೆ ಮೂಡಿತು.

ಕಾರವಾರದಲ್ಲಿಯೇ ಅವರು ‘ಪ್ರಕೃತಿರ್ ಪ್ರತಿಶೋಧ’ ಎಂಬ ನಾಟಕವನ್ನು ಬರೆದರು. ಲೋಕವನ್ನೆಲ್ಲ ತೊರೆದೆನೆಂದು ಬೀಗಿದ ಸಂನ್ಯಾಸಿಯನ್ನು ಅನಾಥ ಬಾಲೆಯೊಬ್ಬಳ ಪ್ರೀತಿ ಮತ್ತೆ ಲೋಕಕ್ಕೆ ಎಳೆತರುವ ಕಥೆ ಅದು. ಸೀಮೆಯೊಳಗೇ ಅಸೀಮವನ್ನು ಕಾಣುವ ತಮ್ಮ ಮುಂದಿನ ಸಾಹಿತ್ಯಕ್ಕೆಲ್ಲ ಆ ನಾಟಕವೇ ಪೀಠಿಕೆಯೆಂದು ರವೀಂದ್ರರು ಮುಂದೆ ಭಾವಿಸಿದರು. ಕೆಲಸವಿಲ್ಲದ ಕೆಲವು ದಿನಗಳು ಒಬ್ಬ ಕವಿಗೆ ಇಡೀ ಬಾಳಿನ ವಸ್ತುವನ್ನು ಕೊಟ್ಟವು.

ಅದೇ ವರ್ಷ ಡಿಸೆಂಬರಿನಲ್ಲಿ ಮೃಣಾಲಿನೀದೇವಿಯವರೊಡನೆ ವಿವಾಹವಾಯಿತು. 1890ರ ದಶಕದಲ್ಲಿ ಮನೆತನದ ಜಮೀನ್ದಾರಿಯನ್ನು ನೋಡಿಕೊಳ್ಳುತ್ತ ಅವರು ಪದ್ಮಾನದಿಯ ಮೇಲೆ ದೋಣಿಮನೆಯಲ್ಲಿ ವಾಸಿಸಿದರು. ಆ ನಿಧಾನದ ಹೊಳೆಯೇ ಅವರಿಗೆ ಸಣ್ಣಕಥೆಗಳನ್ನು ಕೊಟ್ಟಿತು. ಆಮೇಲೆ ಶಾಂತಿನಿಕೇತನದ ಶಾಲೆ, ಒಂದರ ಹಿಂದೊಂದು ಸಾವು, 1913ರಲ್ಲಿ ನೊಬೆಲ್ ಪಾರಿತೋಷಕ, 1921ರಲ್ಲಿ ವಿಶ್ವಭಾರತಿ. ಜಗತ್ತು ಅವರನ್ನು ಕರೆಯತೊಡಗಿತು. ವಿಶ್ವಭಾರತಿಯ ಖರ್ಚು ಆ ಕರೆಗಳಿಗೆ ಓಗೊಡುವಂತೆ ಮಾಡಿತು.

1927ರ ಜುಲೈ ತಿಂಗಳಲ್ಲಿ, ಅರವತ್ತಾರರ ವಯಸ್ಸಿನಲ್ಲಿ, ಅವರು ಮದರಾಸಿನಿಂದ ಹಡಗು ಹತ್ತಿದರು. ಭಾಷಾವಿಜ್ಞಾನಿ ಸುನೀತಿಕುಮಾರ ಚಟರ್ಜಿ, ಕಲಾವಿದ ಸುರೇಂದ್ರನಾಥ ಕರ್ ಮೊದಲಾದವರು ಜೊತೆಗಿದ್ದರು. ಸಿಂಗಪುರ, ಮಲಯಗಳಲ್ಲಿ ಸನ್ಮಾನ, ಭಾಷಣ, ಔತಣ, ಬಳಿಕ ಜಾವಾ, ಅಲ್ಲಿಂದ ಬಾಲಿ. ಬಾಲಿಗೆ ದೊರೆತದ್ದು ಸುಮಾರು ಎರಡು ವಾರ ಮಾತ್ರ. ಬಾಂಗ್ಲಿಯಲ್ಲಿ ರಾಜಮನೆತನದ ಉತ್ತರಕ್ರಿಯೆಯ ಉತ್ಸವ, ಅಲ್ಲಿಂದ ಮೋಟಾರಿನಲ್ಲಿ ಕಾರಂಗ್ ಆಸೆಮ್, ಮುಂದೆ ಇನ್ನೊಂದು ಊರು. ಕಾರವಾರದ ಹಾಯಿದೋಣಿ ಈಗ ಮೋಟಾರಾಗಿತ್ತು.

ಆದರೂ ಆ ಯಾತ್ರೆಯ ಮರೆಯಲಾಗದ ಗಳಿಗೆ ಯಾವ ಕಾರ್ಯಕ್ರಮದಲ್ಲಿಯೂ ಇರಲಿಲ್ಲ. ಕಾರಂಗ್ ಆಸೆಮ್‌ನ ರಾಜರು ಕವಿಯ ಪಕ್ಕದಲ್ಲಿ ಕುಳಿತಿದ್ದರು. ಒಬ್ಬರ ಭಾಷೆ ಮತ್ತೊಬ್ಬರಿಗೆ ತಿಳಿಯದು, ದಾರಿಯೆಲ್ಲ ಮೌನ. ಬೆಟ್ಟಗಳ ಸಂದಿನಲ್ಲಿ ಒಮ್ಮೆಲೇ ನೀಲಿ ಕಡಲು ಕಾಣಿಸಿತು. ರಾಜರ ಬಾಯಿಂದ ಸಮುದ್ರ ಎಂಬ ಮಾತು ಹೊರಟಿತು. ಕವಿಯ ಮುಖ ಅರಳಿದ್ದನ್ನು ಕಂಡು ಅವರು ಕಡಲಿನ ಸಂಸ್ಕೃತ ಪರ್ಯಾಯಪದಗಳನ್ನು ಒಂದೊಂದಾಗಿ ಹೇಳಿದರು. ಸಪ್ತಸಮುದ್ರ, ಸಪ್ತಪರ್ವತಗಳನ್ನು ನೆನೆದರು. ಮುಂದೆ ಒಂದು ಸಣ್ಣ ಹೊಳೆಯನ್ನು ಕಂಡಾಗ ನಮ್ಮ ನದಿಗಳ ಹೆಸರುಗಳನ್ನು ಎಣಿಸಿದರು. ಆ ಎಣಿಕೆಯಲ್ಲಿ ಗಂಗೆ ಯಮುನೆಗಳೊಡನೆ ಕಾವೇರಿಯೂ ಇದ್ದಳು. ಸಕಲೇಶಪುರದ ಮಗ್ಗುಲಲ್ಲಿ ಹರಿಯುವ ನಮ್ಮ ಹೇಮಾವತಿ ಹೋಗಿ ಸೇರುವುದು ಆ ಕಾವೇರಿಯನ್ನೇ.

ಬಾಲಿಯಲ್ಲಿ ದಣಿದ ಕವಿಗೆ ಒಂದಿಷ್ಟು ವಿಶ್ರಾಂತಿ ದೊರೆತದ್ದು ಮುಂಡುಕ್ ಎಂಬ ಗುಡ್ಡದ ಹಳ್ಳಿಯಲ್ಲಿ. ಅದೂ ನಮ್ಮ ಹಾನುಬಾಳಿನಂತೆ ಕಾಫಿ ಬೆಳೆಯುವ ಸೀಮೆ. ಅಲ್ಲಿಂದ ಅವರು ಪತ್ರಗಳನ್ನು ಬರೆದರು. ಆಮೇಲೆ ಮತ್ತೆ ಜಾವಾ, ಬೊರೊಬುದುರ್ ಸ್ತೂಪ, ಸಯಾಮು, ಅಕ್ಟೋಬರಿನಲ್ಲಿ ತಾಯ್ನಾಡು. ‘ಸಾಗರಿಕಾ’ ಎಂಬ ಕವಿತೆ ಈ ಯಾತ್ರೆಯ ಫಲ. ಪತ್ರಗಳು 1929ರಲ್ಲಿ ‘ಯಾತ್ರೀ’ ಗ್ರಂಥದಲ್ಲಿ ಸೇರಿದವು. ಜಾವಾದ ಬಾತಿಕ್ ಕಲೆ ಶಾಂತಿನಿಕೇತನದಲ್ಲಿ ನೆಲೆಗೊಂಡಿತು. 1941ರ ಆಗಸ್ಟ್ 7ರಂದು, ಹುಟ್ಟಿದ ಮನೆಯಲ್ಲಿಯೇ, ರವೀಂದ್ರರು ಕಣ್ಮುಚ್ಚಿದರು. ಕಾರವಾರದ ಆ ದಂಡೆಗೆ ಇಂದು ಅವರದೇ ಹೆಸರು.

ದ್ವೀಪಗಳಿಗೆ ಹೊರಡುವವರು ಹೊರಡಲಿ; ಒಳ್ಳೆಯದೇ. ಆದರೆ ಪಟ್ಟಿಯನ್ನು ಬರೆಯುವಾಗ ಒಂದೆರಡು ದಿನಗಳ ಮುಂದೆ ಏನನ್ನೂ ಬರೆಯದೆ ಬಿಡುವುದು ಲೇಸು. ರವೀಂದ್ರರಂಥವರಿಗೂ ಇಪ್ಪತ್ತೆರಡರಲ್ಲಿ ಸುಲಭವಾಗಿ ಸಿಕ್ಕ ಬಿಡುವು ಅರವತ್ತಾರರಲ್ಲಿ ಸಿಕ್ಕಲಿಲ್ಲ. ನಮ್ಮ ಮಕ್ಕಳಿಗೆ ಆ ವಯಸ್ಸು ಈಗ ಇದೆ. ಅವರನ್ನು ಒಂದು ಸಂಜೆ ದೋಣಿಯಲ್ಲಿ ಸುಮ್ಮನೆ ಕೂರಗೊಡಬೇಕು. ಮನೆಗೆ ನಡೆದೇ ಬರಗೊಡಬೇಕು.