ಭೀಮವರಂನ ಸುಬ್ಬರಾವ್

ವಿಶಾಖಪಟ್ಟಣದಲ್ಲಿ ಪರಾವಲಂಬಿ ಹುಳುಗಳ ಮೇಲೆ ಪಿಎಚ್‌.ಡಿ. ಮಾಡುತ್ತಿರುವ ನನಗೆ ಡಾ. ಯಲ್ಲಾಪ್ರಗಡ ಸುಬ್ಬರಾವ್ ಆಗಾಗ ನೆನಪಾಗುತ್ತಾರೆ. ಇಲ್ಲಿಂದ ವಿಜಯವಾಡಕ್ಕೆ ಹೋಗುವ ಕೆಲವು ರೈಲುಗಳು ಅವರು 1895ರಲ್ಲಿ ಹುಟ್ಟಿದ ಭೀಮವರಂ ಮೇಲೆಯೇ ಹಾದುಹೋಗುತ್ತವೆ.

ಸ್ಪ್ರೂ ಎಂಬ ಕರುಳಿನ ಕಾಯಿಲೆ ಅವರ ಇಬ್ಬರು ಸೋದರರನ್ನು ಬಲಿ ತೆಗೆದುಕೊಂಡಿತು. ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ ಖಾದಿ ತೊಟ್ಟು ಪ್ರಾಧ್ಯಾಪಕರ ಸಿಟ್ಟಿಗೆ ಗುರಿಯಾದರು. ಸಿಕ್ಕಿದ್ದು ಎಂಬಿಬಿಎಸ್ ಅಲ್ಲ, ಅದಕ್ಕಿಂತ ಕೆಳಗಿನ ಎಲ್‌ಎಂಎಸ್. ಮಾವನವರ ನೆರವಿನಿಂದ ಹಾರ್ವರ್ಡ್‌ಗೆ ಉಷ್ಣವಲಯದ ರೋಗಗಳನ್ನು ಓದಲು ಹೋದವರು ಆಸ್ಪತ್ರೆಯಲ್ಲಿ ರಾತ್ರಿ ಕೆಲಸ ಮಾಡಿ ಹೊಟ್ಟೆ ಹೊರೆದರು. 1930ರಲ್ಲಿ ಪಿಎಚ್‌.ಡಿ. ಬಂದರೂ ಅಲ್ಲಿ ಕಾಯಂ ಹುದ್ದೆ ಸಿಗಲಿಲ್ಲ. 1940ರಲ್ಲಿ ಲೆಡರ್ಲಿ ಔಷಧ ಕಂಪನಿ ಸೇರಿದರು.

ಅಲ್ಲಿ ಅವರ ತಂಡ ತಯಾರಿಸಿದ ಫೋಲಿಕ್ ಆಮ್ಲ ಸ್ಪ್ರೂಗೆ ಮದ್ದಾಯಿತು, ಸೋದರರು ಹೋಗಿ ಎಷ್ಟೋ ವರ್ಷಗಳ ಮೇಲೆ. 1947ರಲ್ಲಿ ಬಂತು ಆನೆಕಾಲು ರೋಗದ ಡಿಇಸಿ. ಈ ರೋಗದ ಮರಿಹುಳುಗಳು ಹೆಚ್ಚಾಗಿ ರಾತ್ರಿಯೇ ರಕ್ತದಲ್ಲಿ ಓಡಾಡುವುದರಿಂದ ನಮ್ಮ ಸ್ಯಾಂಪಲ್ ಕೆಲಸವೂ ರಾತ್ರಿಯೇ. ನಿದ್ದೆಗಣ್ಣಲ್ಲಿ ಗೊಣಗುವಾಗ ಅವರ ಆಸ್ಪತ್ರೆಯ ರಾತ್ರಿಗಳು ನೆನಪಿಗೆ ಬರುತ್ತವೆ.

1948ರಲ್ಲಿ, 53ನೇ ವಯಸ್ಸಿಗೆ, ಅಮೆರಿಕದಲ್ಲೇ ತೀರಿಕೊಂಡರು. ಅಲ್ಲಿನ ಪೌರತ್ವ ತೆಗೆದುಕೊಳ್ಳಲಿಲ್ಲ, ಊರಿಗೂ ಮರಳಲಿಲ್ಲ. ನಮ್ಮ ಕಲಬುರಗಿ, ಯಾದಗಿರಿ ಕಡೆ ಮನೆ ಮನೆಗೆ ಬಂದು ನುಂಗಿಸುವ ಆನೆಕಾಲು ರೋಗದ ಮಾತ್ರೆಗಳಲ್ಲಿ ಡಿಇಸಿಯೂ ಒಂದು.